ಮೂವತ್ತೊಂಬತ್ತು ಅಂಕಿ

ಇನ್ನೂರ ಹನ್ನೆರಡನೆಯ ಪುಟದಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು. ಶಿವಪುತ್ರ ಮೂರು ಸಲ ನೋಡಿದ. ಮೂರು ಸಲವೂ ಸರಿಯಾಗಿತ್ತು, ಸರಿಯಾಗಿರುವುದೇ ಅವನಿಗೆ ಸಹಿಸಲಾಗದಾಯಿತು. 170141183460469231731687303715884105727. ಮೂವತ್ತೊಂಬತ್ತು ಅಂಕಿ. ಮೂರು ಮೂರರಂತೆ ಒಡೆದರೆ ಹದಿಮೂರು ಗುಂಪು, ಅದರಲ್ಲಿ ಒಂಬತ್ತನೆಯದು ಮೂರು ಸೊನ್ನೆ ಮೂರು. ಆ ಕೊನೆಯ ಮೂರರ ಮೇಲೆ ಕಣ್ಣು ನಿಂತುಬಿಟ್ಟಿತ್ತು. ಹಲಸೂರಿನ ಓಣಿಯ ಈ ಪ್ರೆಸ್ಸಿನಲ್ಲಿ ಅವನು ಕರಡು ತಿದ್ದಲು ಸೇರಿ ಒಂಬತ್ತು ವರ್ಷವಾಗಿತ್ತು. ಪುಸ್ತಕ ಕಾಕ್ಸ್ ಟೌನಿನ ನಿವೃತ್ತ ಗಣಿತ ಪ್ರೊಫೆಸರರದು. ಮೊದಲ ಸಲ ತೊಂಬತ್ತೇಳರಲ್ಲಿ ಅಚ್ಚಾಗಿತ್ತು, ಈಗ ಎರಡು ಸಾವಿರದ ಒಂದರಲ್ಲಿ ಮರುಮುದ್ರಣ. ಪ್ರೆಸ್ಸಿನ ಒಡೆಯ ಕೆಂಪರಾಜ್ ಬಾಗಿಲಲ್ಲಿ ನಿಂತು, "ಏನ್ ಗುರು, ಒಂದೇ ಪುಟಕ್ಕೆ ಅಂಟ್ಕೊಂಡ್ಬಿಟ್ರಿ? ಈ ಸಲ ಎಲ್ಲಾ ಫ್ಲಾಪೀಲೇ ಬಂದಿದೆ, ಪ್ರೊಫೆಸರೇ ಕೂತು ಟೈಪ್ ಮಾಡ್ಸಿದಾರೆ. ಸುಮ್ನೆ ಒಂದ್ಸಲ ಕಣ್ಣಾಡ್ಸಿ ಕೊಡಿ" ಎಂದ. ಕಣ್ಣು ಎಂಬ ಮಾತು ಕೇಳಿ ಶಿವಪುತ್ರ ತಲೆ ಎತ್ತಲಿಲ್ಲ. ಕೆಂಪರಾಜನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅವನು ಎಲ್ಲವನ್ನೂ ಎಂದೋ ಮರೆತಿದ್ದ.

ಎರಡನ್ನು ನೂರಿಪ್ಪತ್ತೇಳು ಸಲ ಬರೆದು, ಎಲ್ಲವನ್ನೂ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಇನ್ನು ಯಾವುದರಿಂದಲೂ ಇದನ್ನು ಶೇಷವಿಲ್ಲದೆ ಭಾಗಿಸಲಾಗದು. ಯಂತ್ರದ ನೆರವಿಲ್ಲದೆ, ಬರಿಯ ಕೈಲೆಕ್ಕದಲ್ಲಿ ಅವಿಭಾಜ್ಯವೆಂದು ಸಾಬೀತಾದ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ ಎಂದು ಪ್ರೊಫೆಸರರು ಬರೆದಿದ್ದರು. ಶಿವಪುತ್ರನ ಮನಸ್ಸು ಹಿಡಿದದ್ದು ಮಾತ್ರ ಅದರ ಕೆಳಗಿನ ಪ್ಯಾರಾ. ಇಂಥ ಸಂಖ್ಯೆಯನ್ನು ಪರೀಕ್ಷಿಸಲು ಸಿಕ್ಕಸಿಕ್ಕದ್ದರಿಂದ ಭಾಗಿಸುತ್ತ ಕೂರಬೇಕಿಲ್ಲ. ನಾಲ್ಕರಿಂದ ಹೊರಟು, ವರ್ಗ ಮಾಡಿ ಎರಡು ಕಳೆದು, ಉತ್ತರ ದೊಡ್ಡದಾದಾಗ ಮೂಲ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು; ಹೀಗೆ ನೂರಿಪ್ಪತ್ತೈದು ಸಲ. ಕೊನೆಗೆ ಸೊನ್ನೆ ಉಳಿದರೆ ಅವಿಭಾಜ್ಯ, ಉಳಿಯದಿದ್ದರೆ ಅಲ್ಲ. ನಡುವೆ ಎಲ್ಲಿಯಾದರೂ ಒಂದೇ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ, ಮತ್ತು ತಪ್ಪಿದ್ದು ಎಲ್ಲಿ ಎಂದು ಕೊನೆಯ ಉತ್ತರ ಹೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಅವನು ಇದನ್ನು ಶುರು ಮಾಡಿದ್ದ. ನಾಲ್ಕು, ಹದಿನಾಲ್ಕು, ನೂರ ತೊಂಬತ್ತನಾಲ್ಕು. ಏಳನೆಯ ಸಂಖ್ಯೆಗೆ ಮೂವತ್ತೇಳು ಅಂಕಿಗಳಾದವು, ಎಂಟನೆಯದರಲ್ಲಿ ಗುಣಿಸಿ ಗುಣಿಸಿ ಕೈ ಸೋತು ಬಿಟ್ಟುಬಿಟ್ಟ. "ಅದೇನ್ ಪರೀಕ್ಷೆ ಬರೆಯೂದದ ಅಂತ ಓದ್ಲಿಕ್ ಹತ್ತೀರಿ?" ಎಂದು ಹೆಂಡತಿ ರೇವತಿ ನಕ್ಕಿದ್ದಳು.

ಅಂಕಿಗಳಿರುವ ಪುಟವನ್ನು ಒಬ್ಬರೇ ಓದಬಾರದೆಂಬುದು ಪ್ರೆಸ್ಸಿನ ಹಳೆಯ ಕಟ್ಟಳೆ. ಲಾಗರಿದಂ ಕೋಷ್ಟಕ, ಪಂಚಾಂಗ, ರೈಲ್ವೆ ಟೈಂಟೇಬಲ್ ಏನೇ ಆಗಲಿ, ಒಬ್ಬರು ಮೂಲ ಪ್ರತಿ ಹಿಡಿದು ಮೂರು ಮೂರು ಅಂಕಿ ಗಟ್ಟಿಯಾಗಿ ಓದಬೇಕು, ಎದುರು ಕೂತವರು ಕರಡಿನಲ್ಲಿ ನೋಡಿ, ತಾಳೆಯಾದರೆ ಬೆರಳಿನಿಂದ ಮೇಜು ಕುಟ್ಟಬೇಕು. ಕುಟ್ಟಿದ ಸದ್ದು ಕೇಳಿದ ಮೇಲೆಯೇ ಮುಂದಿನ ಗುಂಪು. ನಡುವೆ ಯಾರಾದರೂ ಕೆಮ್ಮಿದರೂ ಸರಿಯೇ, ಆ ಸಂಖ್ಯೆಯನ್ನು ಮೊದಲಿನಿಂದ ಓದಬೇಕು. ಮುಗಿದ ಮೇಲೆ ಓದಿದವರು ಅಂಚಿನಲ್ಲಿ ನೀಲಿ ಪೆನ್ಸಿಲಿನ ಚುಕ್ಕೆ ಇಡುತ್ತಾರೆ. ನೀಲಿ ಚುಕ್ಕೆ ಬಿದ್ದ ಸಾಲನ್ನು ಇನ್ನೊಮ್ಮೆ ಇಬ್ಬರೂ ಕೂತು ಓದದೆ ಯಾರೂ ಮುಟ್ಟುವಂತಿಲ್ಲ. ಆಗ ಶಿವಪುತ್ರನ ಎದುರು ಕೂತು ಓದುತ್ತಿದ್ದವಳು ಪ್ರೆಸ್ಸಿನ ಕೆಲಸದ ಇಮಾಮ್ ಬೀ. ಅವಳಿಗೆ ಕನ್ನಡ ಓದಲು ಬಾರದು, ಇಂಗ್ಲಿಷೂ ಬಾರದು. ಅಂಕಿ ಮಾತ್ರ ಬರುತ್ತಿತ್ತು, ಅದೂ ತನ್ನ ಭಾಷೆಯಲ್ಲಿ: ಏಕ್, ದೋ, ತೀನ್, ಸೊನ್ನೆಗೆ ಸಿಫರ್. ಅರ್ಥ ಗೊತ್ತಿಲ್ಲದ್ದರಿಂದಲೇ ಅವಳು ತಪ್ಪು ಓದುತ್ತಿರಲಿಲ್ಲ. ಇರುವುದನ್ನು ಮಾತ್ರ ಓದುತ್ತಿದ್ದಳು. ಅರ್ಥ ಗೊತ್ತಿದ್ದ ಶಿವಪುತ್ರನಿಗೆ ಅವಳ ಮೇಲೆ ಒಂದು ಬಗೆಯ ಕರುಣೆಯಿತ್ತು. ಆ ಕರುಣೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮೊದಲ ಮುದ್ರಣದ ಕರಡಿನಲ್ಲಿ ಈ ಸಂಖ್ಯೆ ಓದಿದ ದಿನ ಅವಳು ನೀಲಿ ಚುಕ್ಕೆಯಿಟ್ಟು, ಬುತ್ತಿ ಬಿಚ್ಚಲು ಹಿಂದಿನ ನಲ್ಲಿಯ ಹತ್ತಿರ ಹೋಗಿದ್ದಳು. ಶಿವಪುತ್ರ ಒಬ್ಬನೇ ಕೂತಿದ್ದ. ಅವನು ಗಣಿತದಲ್ಲಿ ಬಿಎಸ್ಸಿ ಎಂದು ಕೆಂಪರಾಜ್ ಬಂದವರಿಗೆಲ್ಲ ಹೇಳುತ್ತಿದ್ದ; ಬೀಜಗಣಿತದ ಪೇಪರು ಮೂರು ಸಲ ಹೋಗಿ ಪದವಿ ಶಿವಪುತ್ರನ ಊರು ಸೇಡಂನಲ್ಲೇ ಉಳಿದುಹೋಗಿತ್ತೆಂದು ಕೆಂಪರಾಜನಿಗೆ ಗೊತ್ತಿರಲಿಲ್ಲ. ಶಿವಪುತ್ರ ಸುಮ್ಮನೆ, ತನಗೆ ಗೊತ್ತಿದೆ ಎಂಬ ಸುಖಕ್ಕೆ, ಅಂಕಿಗಳನ್ನು ಕೂಡಲು ಶುರು ಮಾಡಿದ. ಯಾವುದೇ ಸಂಖ್ಯೆಯ ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ, ಹೈಸ್ಕೂಲಿನ ಲೆಕ್ಕ. ನೂರ ಐವತ್ತಮೂರು ಬಂತು. ನೂರ ಐವತ್ತಮೂರು ಮೂರರಿಂದಲೂ ಭಾಗವಾಗುತ್ತದೆ, ಒಂಬತ್ತರಿಂದಲೂ ಭಾಗವಾಗುತ್ತದೆ. ಹಾಗಾದರೆ ಇದು ಅವಿಭಾಜ್ಯವೇ ಅಲ್ಲ, ಪ್ರೊಫೆಸರರು ಬರೆಯುವಾಗ ಎಲ್ಲೋ ಎಡವಿದ್ದಾರೆ. ಅವರ ಕೈಬರಹದಲ್ಲಿ ಒಂಬತ್ತನೆಯ ಗುಂಪಿನ ಕೊನೆಯ ಮೂರರ ಹೊಟ್ಟೆ ಕೊಂಚ ಒಳಕ್ಕೆ ಬಾಗಿದಂತೆ ಕಂಡಿತು, ಎಂಟಿರಬೇಕು. ಎಂಟಾದರೆ ಮೊತ್ತ ನೂರ ಐವತ್ತೆಂಟು, ಮೂರರಿಂದ ಹೋಗುವುದಿಲ್ಲ. ಇಮಾಮ್ ಬೀಯನ್ನು ಕರೆದು ಎದುರು ಓದಬೇಕಿತ್ತು. ಅವಳಿಗೇನು ತಿಳಿಯುತ್ತದೆ ಎಂದುಕೊಂಡ. ಹತ್ತು ನಿಮಿಷ ನಡೆದರೆ ಪ್ರೊಫೆಸರರ ಮನೆ, ಹೋಗಿ ಕೇಳಬೇಕಿತ್ತು. ಕೇಳಿದರೆ ಕಂಡುಹಿಡಿದ ಸಂತೋಷ ಅರ್ಧವಾಗುತ್ತಿತ್ತು. ಪುಸ್ತಕ ಬಂದ ಮೇಲೆ ಅವರೇ ನೋಡಿ, ಅರೆ, ಇದನ್ನು ಯಾರು ಹಿಡಿದರು ಎಂದು ಕೇಳುತ್ತಾರೆ, ಮುಂದಿನ ಮುದ್ರಣದ ಮುನ್ನುಡಿಯಲ್ಲಿ ಒಂದು ಸಾಲು ಬರೆಯುತ್ತಾರೆ. ಅವನು ಕೆಂಪು ಶಾಯಿಯಲ್ಲಿ ಮೂರನ್ನು ಹೊಡೆದು ಎಂಟು ಬರೆದ. ಮೊತ್ತ ನಿಜವಾಗಿ ನೂರ ಐವತ್ತನಾಲ್ಕು. ಎರಡನೆಯ ಗುಂಪು ಒಂದರಲ್ಲಿ ಮುಗಿದು ಮೂರನೆಯ ಗುಂಪು ಒಂದರಿಂದಲೇ ಶುರುವಾಗುವ ಕಡೆ ಅವನು ಒಂದು ಒಂದನ್ನು ನುಂಗಿದ್ದ. ಹಾಗಾಗಿ ಅವನು ತಿದ್ದಿದ ಮೇಲೆ ಮೊತ್ತ ನೂರ ಐವತ್ತೊಂಬತ್ತಾಗಿತ್ತು. ಮೂರೈವತ್ತಮೂರಲೆ ನೂರ ಐವತ್ತೊಂಬತ್ತು. ಯಾವುದರಿಂದಲೂ ಭಾಗವಾಗದೆ ಇದ್ದದ್ದನ್ನು ಅವನ ಕೈಯೇ ಮೂರರಿಂದ ಭಾಗವಾಗುವಂತೆ ಮಾಡಿತ್ತು.

ಪ್ರೊಫೆಸರರು ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಹೋಗಿತ್ತು. ಅವರು ಕೂಗಾಡಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಇದನ್ನ ಮೂರರಿಂದ ಭಾಗಿಸಬಹುದು ಕಣ್ರೀ. ಮೂರರಿಂದ. ಆರನೇ ಕ್ಲಾಸಿನ ಹುಡುಗೀರು ಮಾಡೋ ಲೆಕ್ಕ. ನನ್ನ ಹೆಸರು ಹಾಕ್ಕೊಂಡು ನಾನಿದನ್ನ ಅವಿಭಾಜ್ಯ ಅಂತ ಕರೆದಿದ್ದೀನಿ" ಎಂದರು. ಕೆಂಪರಾಜ್ ಮೂಲ ಪ್ರತಿ, ಕರಡು ಎರಡನ್ನೂ ತರಿಸಿ ಪಕ್ಕಪಕ್ಕ ಇಟ್ಟ. ಮೂಲದಲ್ಲಿ ಮೂರು, ಕರಡಿನಲ್ಲಿ ಅಚ್ಚಾದದ್ದೂ ಮೂರು, ಅದರ ಮೇಲೆ ಕೆಂಪು ಎಂಟು, ಅಂಚಿನಲ್ಲಿ ನೀಲಿ ಚುಕ್ಕೆ. "ಯಾಕ್ರೀ ತಿದ್ದಿದ್ರಿ?" ಎಂದು ಕೇಳಿದ. ಶಿವಪುತ್ರ ಆ ಎರಡು ಕ್ಷಣದಲ್ಲಿ ಮನಸ್ಸಿನಲ್ಲೇ ಇನ್ನೊಮ್ಮೆ ಕೂಡಿದ, ನುಂಗಿದ ಒಂದು ಅವನಿಗೆ ಸಿಕ್ಕಿತು. ಬಿಎಸ್ಸಿ ಓದಿದವನಿಗೆ ಮೂವತ್ತೊಂಬತ್ತು ಅಂಕಿ ಕೂಡಲು ಬರಲಿಲ್ಲ ಎಂದು ಈ ಮುದುಕರ ಮುಂದೆ ಹೇಳಬೇಕಿತ್ತು. "ಅವರು ಓದಿದ ಹಾಗೆ ತಿದ್ದಿದೆ ಸಾರ್" ಎಂದ. ಎಲ್ಲರೂ ಇಮಾಮ್ ಬೀಯ ಕಡೆ ತಿರುಗಿದರು. ತೀನ್ ಎಂದು ಹೇಳಿದ್ದು ಆಠ್ ಎಂದು ಯಾರ ಕಿವಿಗೂ ಕೇಳಿಸದು, ಆದ್ದರಿಂದ ಅವಳ ಕಣ್ಣೇ ತಪ್ಪಿರಬೇಕೆಂದು ಕೆಂಪರಾಜ್ ತರ್ಕಿಸಿದ. ಅವಳು ಮೂಲ ಪ್ರತಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಶಿವಪುತ್ರನ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. "ಆಗಿರಬಹುದು ಸಾಬ್, ಉಮರ್ ಆಯ್ತಲ್ಲ, ವಯಸ್ಸು" ಎಂದಳು.

ಅವಳನ್ನು ಆವತ್ತೇ ಕೆಲಸದಿಂದ ಕಳಿಸಲಿಲ್ಲ. ಉಳಿದ ಪ್ರತಿಗಳಿಗೆಲ್ಲ ತಿದ್ದೋಲೆ ಅಂಟಿಸುವುದಿತ್ತು. ಬೆರಳಗಲದ ಬಿಳಿ ಚೀಟಿ, ಅದರಲ್ಲಿ ಇನ್ನೂರ ಹನ್ನೆರಡನೆಯ ಪುಟದ ಸರಿಯಾದ ಸಂಖ್ಯೆ. ಎರಡು ದಿನ ಅವಳು ಶಿವಪುತ್ರನ ಮೇಜಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಮೈದಾ ಗೋಂದು ಹಚ್ಚಿ ಹಚ್ಚಿ ಅಂಟಿಸಿದಳು. ಪ್ರತಿ ಚೀಟಿಯನ್ನೂ ಬೈಂಡಿಂಗಿನ ಬಷೀರನಿಗೆ ಎತ್ತಿ ತೋರಿಸಿ, "ದೇಖೋ ಬೇಟಾ, ಸೀದಾ ಇದೆಯಾ?" ಎಂದು ಕೇಳುತ್ತಿದ್ದಳು. ಶಿವಪುತ್ರ ಒಂದು ಮದುವೆ ಪತ್ರಿಕೆಯ ಕರಡನ್ನು ಎರಡು ದಿನ ಓದಿದ. ಮೂರನೆಯ ದಿನ ಅವಳು ಬರಲಿಲ್ಲ. ಅವನ ಮನಸ್ಸಿಗೆ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ಅವನು ಇಂದಿಗೂ ಮರೆಯಲಾರ.

ಈಗ ಅದೇ ಸಂಖ್ಯೆ, ಹೊಸ ಅಕ್ಷರದಲ್ಲಿ, ಯಾರೂ ಓದದೆ, ಯಾರೂ ಕುಟ್ಟದೆ, ಸರಿಯಾಗಿ ಬಂದು ಕೂತಿತ್ತು. ಅವನು ಪುಟವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. ಬಷೀರನಲ್ಲಿ ಇಮಾಮ್ ಬೀಯ ಮನೆ ಕೇಳಿದ. "ಈಗ ನೆನಪಾಯ್ತಾ ಸಾರ್?" ಎಂದ ಬಷೀರ್, ಕತ್ತರಿಸುವ ಯಂತ್ರದಿಂದ ತಲೆ ಎತ್ತದೆ. "ಶಿವಾಜಿನಗರ ಮಾರ್ಕೆಟ್ ಹಿಂದ್ಗಡೆ, ಕೋಳಿ ಅಂಗಡಿ ಸಂದಿ. ಹಸಿರು ಬಾಗ್ಲು." ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೇಳಬೇಕಾದ ಮಾತನ್ನು ಅವನು ಕರಡು ತಿದ್ದುವ ಹಾಗೆ ತಿದ್ದುತ್ತ ಹೋದ. ನಿಮ್ಮದೇನೂ ತಪ್ಪಿರಲಿಲ್ಲ ಇಮಾಮ್ ಬೀ. ಒಂದು ಸಣ್ಣ ಗೊಂದಲವಾಗಿತ್ತು. ನನ್ನಿಂದಲೂ ಸ್ವಲ್ಪ. ‘ಲೂ’ವನ್ನು ಹೊಡೆದ, ಮತ್ತೆ ಸೇರಿಸಿದ. ಕಾಮರಾಜ ರಸ್ತೆಯಲ್ಲಿ ಯಾರೋ ಅವನ ಕಾಲು ತುಳಿದು ಸಾರಿ ಎಂದರು, ಅವನು ಪರವಾಗಿಲ್ಲ ಎಂದ. ಇಷ್ಟು ಸುಲಭವಾಗಿ ಮುಗಿಯುವ ವ್ಯವಹಾರಗಳೂ ಇರುತ್ತವೆ ಎಂದು ಆ ಮನುಷ್ಯನ ಮೇಲೆ ಅಸೂಯೆಪಟ್ಟ.

ಹಸಿರು ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮಣೆಯ ಮುಂದೆ ಇಮಾಮ್ ಬೀ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು, ಪಕ್ಕದಲ್ಲಿ ಯಾವುದೋ ಹೋಟೆಲಿನ ದೊಡ್ಡ ಬುಟ್ಟಿ. ಅವಳು ತಲೆ ಎತ್ತಿದಾಗ ಶಿವಪುತ್ರ ಹೊಸ್ತಿಲಲ್ಲೇ ನಿಂತ. ಬಲಗಣ್ಣಿನ ರೆಪ್ಪೆ ಒಳಕ್ಕೆ ಕುಸಿದು ಮುಚ್ಚಿಕೊಂಡಿತ್ತು.

"ಶಿವಪುತ್ರ ಸಾಬ್ ಅಲ್ವಾ?" ಎಂದಳು. "ಅಲ್ವಾ? ಆವೋ, ಒಳಗೆ ಬನ್ನಿ. ನನ್ನ ಮಗಳು ಕೆಲಸಕ್ಕೆ ಹೋಗಿದಾಳೆ, ಚಾ ಮಾಡೋರಿಲ್ಲ. ಕೂತ್ಕೊಳ್ಳಿ."

"ಕಣ್ಣಿಗೇನಾಯ್ತು ಇಮಾಮ್ ಬೀ?" ಎನ್ನುತ್ತ ಅವನು ಮಣೆಯ ಈಚೆ ನೆಲದ ಮೇಲೆ ಕೂತ.

"ಅದಾ? ಪೊರೆ ತೆಗೆಸೋಕೆ ಹೋದೆ, ಕಣ್ಣೇ ಹೋಯ್ತು. ಮೂರು ವರ್ಷ ಆಯ್ತು. ಶಾದಿಮಹಲಲ್ಲಿ ಕ್ಯಾಂಪ್ ಹಾಕಿದ್ರು. ಡಾಕ್ಟರಮ್ಮ ಒಳ್ಳೇ ಹೆಂಗ್ಸು, ಇನ್ನೂ ಸ್ವಲ್ಪಾನೇ ಇದೆ, ನಾಲ್ಕು ವರ್ಷ ಬಿಟ್ಟು ಬಾ ಅಮ್ಮಾ ಅಂದ್ಳು. ನಾನೇ ಜಿದ್ದು ಮಾಡ್ದೆ. ಇಲ್ಲಾ, ನನ್ನ ಕಣ್ಣು ತೀನ್‌ನ ಆಠ್ ಮಾಡುತ್ತೆ, ನಮ್ಮ ಪ್ರೆಸ್ಸಲ್ಲಿ ಸಾಬೀತಾಗಿದೆ ಅಂದೆ. ಆಮೇಲೆ ಕೀವಾಯ್ತು." ಅವಳು ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದಳು. "ಯಾರನ್ನ ಅನ್ನೋದು? ನಾನೇ ಕೇಳಿ ಮಾಡಿಸ್ಕೊಂಡಿದ್ದು."

ಶಿವಪುತ್ರನಿಗೆ ಬಸ್ಸಿನಲ್ಲಿ ತಿದ್ದಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ಇನ್ನೊಂದು ಕಾಣುತ್ತಾ?" ಎಂದು ಕೇಳಿದ.

"ಕಾಣುತ್ತೆ. ನೀವು ನೀಲಿ ಶರ್ಟ್ ಹಾಕಿದೀರಿ, ಮೇಲಿಂದ ಎರಡನೇ ಗುಂಡಿ ಬೇರೆ ಬಣ್ಣದ್ದು. ಹೌದಾ?"

"ಹೌದು."

"ನೋಡಿ, ಕೇಳ್ಬೇಕು. ಕಾಣೋದು ಕಾಣುತ್ತೆ ಸಾಬ್, ಕಂಡಿದ್ದು ಸರೀನಾ ಅಂತ ಯಾರನ್ನಾದ್ರೂ ಕೇಳ್ಬೇಕು. ಬಸ್ಸಿನ ನಂಬರ್ ಕಾಣುತ್ತೆ, ಆದ್ರೂ ಪಕ್ಕದವರನ್ನ ಕೇಳ್ತೀನಿ. ಹೊಲಿಗೆ ಬಿಟ್ಟೆ. ಬೆಳ್ಳುಳ್ಳಿ ಆದ್ರೆ ಕೈಗೇ ಗೊತ್ತಾಗುತ್ತೆ."

ಅವನು ಜೇಬಿನಲ್ಲಿದ್ದ ಪುಟವನ್ನು ಬೆರಳಿನಿಂದ ಮುಟ್ಟಿದ. ಈಗ ಹೇಳಿದರೆ ಎಡಗಣ್ಣು ಅವಳಿಗೆ ಮರಳಿ ಸಿಗುತ್ತದೆ. ಹೇಳಿದರೆ ಬಲಗಣ್ಣು ಸುಮ್ಮನೆ, ಏನೂ ಕಾರಣವಿಲ್ಲದೆ ಹೋದದ್ದೂ ಗೊತ್ತಾಗುತ್ತದೆ. ಹೇಳದಿದ್ದರೆ ಅವಳಿಗೆ ಇರುವಷ್ಟು ನೆಮ್ಮದಿಯಾದರೂ ಉಳಿಯುತ್ತದೆ ಎಂದು ಅವನ ಮನಸ್ಸು ಬಹಳ ಮೃದುವಾಗಿ ಹೇಳಿತು. ಆ ಮೃದುತ್ವ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಅವಳಿಗೇನು ತಿಳಿಯುತ್ತದೆ ಎಂದು ನಾಲ್ಕು ವರ್ಷದ ಹಿಂದೆ ಹೇಳಿದ್ದೂ ಅದೇ. ತನ್ನ ಮೇಲೆ ಅವನಿಗೆ ಹೇಸಿಗೆಯಾಯಿತು. ಹೊರಗೆ ಕೋಳಿ ಅಂಗಡಿಯವನು ಯಾರನ್ನೋ ತಮಿಳಿನಲ್ಲಿ ಬೈಯುತ್ತಿದ್ದ.

"ಆ ಪುಸ್ತಕ ಮತ್ತೆ ಅಚ್ಚಾಗ್ತಾ ಇದೆ" ಎಂದು ಪುಟವನ್ನು ಹೊರಗೆ ತೆಗೆದ. "ನಿಮಗೆ ತೋರಿಸೋಣ ಅಂತ."

ಅವಳ ಮುಖ ಅರಳಿತು. "ಅದೇ ಲಂಬಾ ನಂಬರಾ? ನೀವೇ ಓದಿ ಸಾಬ್, ನಾನು ಕುಟ್ತೀನಿ. ಎಷ್ಟು ದಿನ ಆಯ್ತು."

ಅವನು ಓದಿದ. ಒಂದು ಏಳು ಸೊನ್ನೆ. ಅವಳು ಮಣೆಯನ್ನು ಬೆರಳಿನಿಂದ ಕುಟ್ಟಿದಳು. ಒಂದು ನಾಲ್ಕು ಒಂದು. ಕುಟ್ಟಿದಳು. ಪುಟವನ್ನು ಅವಳು ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತ ಕುಟ್ಟುತ್ತಿದ್ದಳು. ಎಂಟನೆಯ ಗುಂಪು ಮುಗಿಯಿತು. ಮೂರು ಸೊನ್ನೆ ಎಂದವನು ನಿಂತ.

"ಹಾಂ, ಇಲ್ಲೇ" ಎಂದಳು ಇಮಾಮ್ ಬೀ. "ಒಂದು ಹೇಳ್ಲಾ ಸಾಬ್? ಬೇಜಾರ್ ಮಾಡ್ಕೋಬೇಡಿ. ಆವತ್ತು ಕಾಗದ ಎತ್ತಿ ನೋಡಿದಾಗ ನನಗೆ ತೀನೇ ಕಾಣಿಸ್ತು. ಓದಿದ್ದೂ ತೀನ್ ಅಂತಾನೇ ಅನಿಸ್ತು. ಹತ್ರ ಹಿಡಿದೆ, ದೂರ ಹಿಡಿದೆ, ತೀನೇ. ಆಮೇಲೆ ನಿಮ್ಮ ಮುಖ ನೋಡ್ದೆ. ಓದಿದ ಮನುಷ್ಯ, ದಿನಾ ಎದುರು ಕೂತ್ಕೊಳ್ಳೋರು, ನಾನು ಬುತ್ತಿ ತರದಿದ್ರೆ ನಿಮ್ಮ ರೊಟ್ಟೀಲಿ ಅರ್ಧ ಕೊಟ್ಟೋರು. ಇವರು ಯಾಕೆ ಸುಳ್ಳು ಹೇಳ್ತಾರೆ? ಅದಕ್ಕೇ ಕಣ್ಣೇ ಸುಳ್ಳು ಅಂದ್ಕೊಂಡೆ."

ಬೆಂಗಳೂರಿಗೆ ಬಂದ ಮೇಲೆ ಅವನು ತನ್ನ ಊರಿನ ಮಾತನ್ನು ಕಷ್ಟಪಟ್ಟು ಉಜ್ಜಿ ತೆಗೆದಿದ್ದ. ರೇವತಿಯ ಹತ್ತಿರ ಬಿಟ್ಟರೆ ಬೇರೆ ಯಾರೆದುರೂ ಆಡುತ್ತಿರಲಿಲ್ಲ. ಈಗ ಅದೇ ಬಾಯಿಗೆ ಬಂತು. "ನೀವು ತೀನ್ ಅಂತೇ ಓದಿದ್ರಿ" ಎಂದ. "ಖರೇನೇ ಓದಿದ್ರಿ. ನೀವು ಊಟಕ್ಕ ಹೋದಾಗ ನಾನೇ ಬದಲ್ ಮಾಡೀನಿ. ಕೂಡ್ಸೂದು ತಪ್ಪೇನಿ. ಅವರೆದುರು ಹೇಳ್ಲಿಕ್ಕ ನಾಚ್ಕಿ ಬಂತು, ನಿಮ್ಮ ಮ್ಯಾಲ ಹಾಕೀನಿ."

ಇಮಾಮ್ ಬೀ ಬೆಳ್ಳುಳ್ಳಿಯ ಬಟ್ಟಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಆಮೇಲೆ ಬಲಗೈಯ ಬೆರಳನ್ನು ಕುಸಿದ ರೆಪ್ಪೆಯ ಮೇಲೆ ಇಟ್ಟಳು.

"ಹಾಗಾದ್ರೆ ಈ ಕಣ್ಣು?" ಎಂದು ಕೇಳಿದಳು.

ಅದು ಬೈಗುಳವಾಗಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳುವ ಹಾಗೆ ಕೇಳಿದ್ದಳು, ಉತ್ತರಕ್ಕೆ ಕಾದಳು. ಮೂರರಿಂದ ಭಾಗಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು, ನೂರಿಪ್ಪತ್ತೈದು ಹೆಜ್ಜೆಗಳ ಕ್ರಮ ಗೊತ್ತಿತ್ತು. ಕ್ಷಮಿಸಿ ಎಂಬ ಮಾತು ಬಾಯಲ್ಲಿ ಇತ್ತು. ಅದನ್ನು ಕಾಮರಾಜ ರಸ್ತೆಯಲ್ಲಿ ಕಾಲು ತುಳಿದವನೂ ಹೇಳಿದ್ದ.

ಅವಳು ಕೈ ಚಾಚಿ ಅವನ ಕೈಯಿಂದ ಪುಟವನ್ನು ತೆಗೆದುಕೊಂಡಳು. ಬಾಗಿಲ ಬೆಳಕಿಗೆ ತಿರುಗಿ, ಎಡಗಣ್ಣಿನ ಮುಂದೆ ಹಿಡಿದಳು. ನಡುವೆ ನಿಂತ ಸಂಖ್ಯೆಯನ್ನು ಮೊದಲಿನಿಂದ ಓದಬೇಕೆಂಬುದನ್ನು ಅವಳು ಮರೆತಿರಲಿಲ್ಲ. "ಏಕ್ ಸಾತ್ ಸಿಫರ್" ಎಂದಳು. ದನಿ ಮೊದಲು ಅದುರಿತು. ಅವನಿಗೆ ಸಂಖ್ಯೆ ಬಾಯಿಪಾಠವಿತ್ತು, ಅಭ್ಯಾಸದಂತೆ ಬೆರಳು ಮಣೆಯ ಮೇಲೆ ಎತ್ತಿದ. ಅವನು ಕುಟ್ಟುವ ಮೊದಲೇ ಅವಳು "ಏಕ್ ಚಾರ್ ಏಕ್" ಎಂದಳು. "ಏಕ್ ಆಠ್ ತೀನ್" ಎಂದಳು. ಅವನ ಸದ್ದಿಗೆ ಅವಳು ಕಾಯಲಿಲ್ಲ. ಹೋಗುತ್ತ ಹೋಗುತ್ತ ದನಿ ಗಟ್ಟಿಯಾಯಿತು, ಒಂಬತ್ತನೆಯ ಗುಂಪನ್ನು ಉಳಿದವುಗಳ ಹಾಗೆಯೇ ಓದಿದಳು, ತೀನ್ ಸಿಫರ್ ತೀನ್, ಅಲ್ಲಿಯೂ ನಿಲ್ಲಲಿಲ್ಲ. ಅವನು ಮನಸ್ಸಿನಲ್ಲಿ ಪ್ರತಿಯೊಂದನ್ನೂ ತಾಳೆ ನೋಡುತ್ತಿದ್ದ, ಪ್ರತಿಯೊಂದೂ ಸರಿಯಾಗಿತ್ತು. ಸಾತ್ ದೋ ಸಾತ್ ಎಂದು ಮುಗಿಸಿ ಅವಳು ಚುಕ್ಕೆಯಿಡಲು ಸುತ್ತ ನೋಡಿದಳು. ನೀಲಿ ಪೆನ್ಸಿಲ್ ಇರಲಿಲ್ಲ, ಅವನ ಜೇಬಿನಲ್ಲಿದ್ದದ್ದು ಕೆಂಪು ಪೆನ್ನು. ಅವನು ಇನ್ನೊಂದು ಕೈಯಿಂದ ಅದನ್ನು ತೆಗೆಯಲು ಹೋದಾಗ ಬೇಡವೆಂದು ತಲೆಯಾಡಿಸಿ, ಅಂಚಿನಲ್ಲಿ ಹೆಬ್ಬೆರಳಿನ ಉಗುರು ಒತ್ತಿ ಗುರುತು ಮಾಡಿದಳು.

"ಸರಿಯಾಗಿದೆ" ಎಂದು ಪುಟವನ್ನು ಅವನ ಕಡೆ ಚಾಚಿದಳು. "ತಗೊಂಡು ಹೋಗಿ."

ಆಮೇಲೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯತೊಡಗಿದಳು, ಈ ಸಲ ಪ್ರತಿ ಎಸಳನ್ನೂ ಬೆಳಕಿಗೆ ಹಿಡಿದು ನೋಡಿ ಹಾಕುತ್ತಿದ್ದಳು. ಶಿವಪುತ್ರನ ಬೆರಳು ಮಣೆಯ ಮೇಲೆ ಎತ್ತಿದ್ದು ಎತ್ತಿದ ಹಾಗೆಯೇ ಇತ್ತು.